ನಮ್ಮವರ ಅಪ್ಪಣೆ

ನಮ್ಮ ಮಂಡಿಕಲ್ ಕಡೆಯ ಹಳಬರ ಮಾತಿನಲ್ಲಿ ಬ್ರಿಟಿಷರು ಹೆಚ್ಚಾಗಿ ಬರುತ್ತಿರಲಿಲ್ಲ. ಬರುತ್ತಿದ್ದವರು ಅಮಲ್ದಾರರು, ಶೇಕ್‌ದಾರರು, ಪಟೇಲರು, ಶಾನುಭೋಗರು. ಅವರೆಲ್ಲರ ಮೇಲೆ, ಬಹಳ ಮೇಲೆ, ಮೈಸೂರಿನ ಮಹಾರಾಜರು. ಇಲ್ಲಿ ‘ದೊರೆಗಳ ಕಾಲ’ ಅಂದರೆ ಒಡೆಯರ ಕಾಲವೇ. ಬಿಳಿಯ ದೊರೆಯನ್ನು ಕಣ್ಣಾರೆ ಕಂಡವರು ಬೆಂಗಳೂರಿನ ದಂಡಿಗೆ ಹೋಗಿಬಂದವರು ಮಾತ್ರ. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಹಿಂತಿರುಗಿಸಿದ ಮೇಲೆ ಸಾಮ್ರಾಜ್ಯ ನಮ್ಮ ಹಳ್ಳಿಗಳಿಗೆ ನಮ್ಮವರ ಮುಖ ಹೊತ್ತೇ ಬಂತು, ನಮ್ಮ ಭಾಷೆಯನ್ನೇ ಆಡಿತು.

ಆಫ್ರಿಕಾದ ವಸಾಹತು ವಿರೋಧಿ ಪತ್ರಿಕೆಗಳ ಕತೆಯನ್ನು ಓದುತ್ತಾ ಹೋದಾಗ ನನಗೆ ಪದೇ ಪದೇ ನೆನಪಾದದ್ದು ಇದೇ ಸಂಗತಿ. ಆ ಪತ್ರಿಕೆಗಳ ಬಗ್ಗೆ ನಮ್ಮಲ್ಲಿ ಇರುವ ಚಿತ್ರ ಸರಳವಾದದ್ದು. ಪರದೇಶದವನು ಆಳುತ್ತಿದ್ದ, ಪತ್ರಿಕೆ ಎದುರಿಸಿತು, ದೇಶ ಸ್ವತಂತ್ರವಾಯಿತು. ಆದರೆ ಆ ಪತ್ರಿಕೆಗಳಲ್ಲಿ ಒಳ್ಳೆಯವು ಎನಿಸಿಕೊಂಡ ಕೆಲವನ್ನು ಮುಗಿಸಿದವರು ಪರದೇಶದವರಲ್ಲ.

ಉಗಾಂಡದ ಕಂಪಾಲಾದಿಂದ 1961ರಲ್ಲಿ ‘ಟ್ರಾನ್ಸಿಷನ್’ ಎಂಬ ಪತ್ರಿಕೆ ಶುರುವಾಯಿತು. ಸಂಪಾದಕ ರಜತ್ ನಿಯೋಗಿ, ಕಂಪಾಲಾದಲ್ಲೇ ಹುಟ್ಟಿದ ಬಂಗಾಳಿ ಮೂಲದ ಯುವಕ. ಪೂರ್ವ ಆಫ್ರಿಕಾದ ಕವಿಗಳು, ಕತೆಗಾರರು, ರಾಜಕೀಯ ಚಿಂತಕರು ಒಬ್ಬರ ಮೇಲೊಬ್ಬರು ಏರಿಹೋಗಿ ಜಗಳವಾಡುವಂಥ ಪತ್ರಿಕೆ ಅದು. ಆಫ್ರಿಕಾದ ಸಾಹಿತ್ಯವನ್ನು ಇಂಗ್ಲಿಷು ಫ್ರೆಂಚುಗಳಲ್ಲಿ ಬರೆಯುತ್ತಾ ಹೋದರೆ ದಾರಿ ಮುಂದೆ ಮುಚ್ಚಿಹೋಗುತ್ತದೆ ಎಂದು ನೈಜೀರಿಯದ ಓಬಿ ವಾಲಿ 1963ರಲ್ಲಿ ತಕರಾರು ಎತ್ತಿದ್ದು ಇದೇ ಪತ್ರಿಕೆಯಲ್ಲಿ. ಬ್ರಿಟಿಷರು ಹೋಗಿ ಆರು ವರ್ಷವಾದ ಮೇಲೆ, 1968ರಲ್ಲಿ, ನಿಯೋಗಿಯನ್ನು ಜೈಲಿಗೆ ಹಾಕಿದವರು ಮಿಲ್ಟನ್ ಒಬೊಟೆಯವರ ಸರ್ಕಾರ. ಆ ದೇಶದ ಸಂಸದ ಅಬು ಮಯಾಂಜ ಸರ್ಕಾರವನ್ನು ಟೀಕಿಸಿ ಬರೆದ ಪತ್ರ ಪತ್ರಿಕೆಯಲ್ಲಿ ಬಂದಿತ್ತು. ಬರೆದವರೂ ಒಳಗೆ, ಅಚ್ಚು ಹಾಕಿದವರೂ ಒಳಗೆ. ಹಚ್ಚಿದ ಆರೋಪ ರಾಜದ್ರೋಹ. ಬ್ರಿಟಿಷರು ಬಿಟ್ಟುಹೋದ ಕಾನೂನಿನ ಪದವನ್ನೇ ಹೊಸ ಯಜಮಾನರು ಎತ್ತಿಕೊಂಡಿದ್ದರು.

ಮೊರಾಕ್ಕೊದ ‘ಸುಫ್ಲ್’ ಇನ್ನೂ ಹತ್ತಿರದ ಉದಾಹರಣೆ, ಯಾಕೆಂದರೆ ಅಲ್ಲಿದ್ದದ್ದೂ ರಾಜನ ಆಳ್ವಿಕೆಯೇ. ಫ್ರೆಂಚರು ಹೋಗಿ ಹತ್ತು ವರ್ಷವಾದ ಮೇಲೆ, 1966ರಲ್ಲಿ, ಅಬ್ದೆಲ್ಲತೀಫ್ ಲಾಬಿ ಎಂಬ ಕವಿ ಇದನ್ನು ತಂದರು. ಹೆಸರಿನ ಅರ್ಥ ಉಸಿರು. ಕಾಸಾಬ್ಲಾಂಕದ ಚಿತ್ರಕಾರ ಮೊಹಮ್ಮದ್ ಮೆಲೆಹಿ ಅದರ ರೂಪ ಕಟ್ಟಿದರು. ಕವಿತೆ, ಚಿತ್ರ, ರಾಜಕಾರಣ ಮೂರೂ ಒಂದೇ ಪಂಕ್ತಿಯಲ್ಲಿ ಕೂತು ಊಟ ಮಾಡಿದ ಪತ್ರಿಕೆ. 1972ರಲ್ಲಿ ರಾಜನ ಸರ್ಕಾರ ಅದನ್ನು ನಿಲ್ಲಿಸಿತು. ಲಾಬಿ ಎಂಟು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದರು.

ಹಾಗಾದರೆ ಪತ್ರಿಕೆಯ ನಿಜವಾದ ಪರೀಕ್ಷೆ ಯಾವುದು? ಹೊರಗಿನವನನ್ನು ಎದುರಿಸುವುದೋ, ನಮ್ಮವನನ್ನು ಎದುರಿಸುವುದೋ? ಆಫ್ರಿಕಾದ ಪತ್ರಿಕೆಗಳಿಗೆ ಈ ಎರಡನೇ ಪರೀಕ್ಷೆ ಸ್ವಾತಂತ್ರ್ಯದ ನಂತರ ಬಂತು. ಹಳೇ ಮೈಸೂರಿನ ಕನ್ನಡ ಪತ್ರಿಕೆಗಳಿಗೆ ಅದು ಮೊದಲ ದಿನದಿಂದಲೇ ಇತ್ತು.

ಹೊರಗಿನವನ ಮೇಲೆ ದೂರು ಹೇಳುವುದು ಒಂದು ಲೆಕ್ಕದಲ್ಲಿ ಸುಲಭ. ಅಪಾಯ ಕಡಿಮೆ ಎಂದಲ್ಲ, ವಾದ ಸುಲಭ. ಅವನು ಇಲ್ಲಿರುವುದೇ ತಪ್ಪು, ಅಲ್ಲಿಗೆ ಮಾತು ಮುಗಿಯಿತು. ನಮ್ಮವನು ಇಲ್ಲಿರುವುದು ತಪ್ಪಲ್ಲ. ಅವನು ಮಾಡಿದ್ದರಲ್ಲಿ ಯಾವುದು ತಪ್ಪು ಎಂದು ಒಂದೊಂದಾಗಿ, ಸಾಕ್ಷಿ ಇಟ್ಟು ತೋರಿಸಬೇಕು. ಮೈಸೂರಿನ ವಿಷಯದಲ್ಲಂತೂ ಈ ಕೆಲಸ ಎರಡು ಪಟ್ಟು ಕಷ್ಟ. ಶಿವನಸಮುದ್ರದ ವಿದ್ಯುತ್ತು, 1881ರಷ್ಟು ಹಿಂದೆಯೇ ಕೂಡಿದ ಪ್ರಜಾಪ್ರತಿನಿಧಿ ಸಭೆ, 1916ರ ವಿಶ್ವವಿದ್ಯಾನಿಲಯ, ಮಾದರಿ ಸಂಸ್ಥಾನ ಎಂಬ ಕೀರ್ತಿ. 1927ರಲ್ಲಿ ಆರೋಗ್ಯ ಕೆಟ್ಟು ನಮ್ಮ ನಂದಿಬೆಟ್ಟದ ಮೇಲೆ ವಿಶ್ರಾಂತಿಗೆ ತಂಗಿದ್ದ ಗಾಂಧೀಜಿಯವರೇ ಮೈಸೂರಿನ ಆಡಳಿತವನ್ನು ಮೆಚ್ಚಿ ಮಾತಾಡಿದ್ದರು. ಇಂಥ ಸರ್ಕಾರವನ್ನು ಟೀಕಿಸಿದವನನ್ನು ದೇಶದ್ರೋಹಿ ಅನ್ನಬೇಕಾಗಿಯೇ ಇರಲಿಲ್ಲ. ಉಂಡ ಮನೆಗೆ ಎರಡು ಬಗೆಯುವವನು ಅಂದರೆ ಸಾಕಾಗಿತ್ತು.

ಆದರೂ ಇದೇ ಮಾದರಿ ಸಂಸ್ಥಾನ 1908ರಲ್ಲಿ, ವಿ.ಪಿ. ಮಾಧವರಾಯರು ದಿವಾನರಾಗಿದ್ದಾಗ, ವೃತ್ತಪತ್ರಿಕೆಗಳ ಬಗ್ಗೆ ಒಂದು ಕಾನೂನು ತಂದಿತು. ಸರ್ಕಾರದ ಅನುಮತಿ ಇಲ್ಲದೆ ಯಾರೂ ಪತ್ರಿಕೆ ನಡೆಸುವಂತಿಲ್ಲ. ಕೊಟ್ಟ ಅನುಮತಿಯನ್ನು ಸರ್ಕಾರ ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಇದರಲ್ಲಿ ಗಮನಿಸಬೇಕಾದದ್ದು ಶಿಕ್ಷೆಯ ಪ್ರಮಾಣವನ್ನಲ್ಲ. ತಪ್ಪು ಬರೆದರೆ ದಂಡ ಹಾಕುತ್ತೇವೆ ಎನ್ನುವ ಕಾನೂನು ಒಂದು ಬಗೆ. ಬರೆಯುವುದಕ್ಕೇ ಅಪ್ಪಣೆ ಬೇಕು ಎನ್ನುವುದು ಬೇರೆಯೇ ಬಗೆ. ಮೊದಲನೆಯದರಲ್ಲಿ ಮಾತು ನನ್ನದು, ಅದರ ಫಲ ಅನುಭವಿಸುವವನೂ ನಾನು. ಎರಡನೆಯದರಲ್ಲಿ ಮಾತೇ ಅವರದು, ನನಗೆ ಕಡ ಕೊಟ್ಟಿದ್ದಾರೆ ಅಷ್ಟೆ.

ಮೈಸೂರಿನ ತಾತಯ್ಯ, ಎಂದರೆ ಎಂ. ವೆಂಕಟಕೃಷ್ಣಯ್ಯನವರು, ಇದನ್ನು ಸಹಿಸಲಿಲ್ಲ. ಅವರಿಗೆ ಆಗ ಅರವತ್ತು ದಾಟಿತ್ತು. ಮರಿಮಲ್ಲಪ್ಪ ಶಾಲೆಯ ಮೇಷ್ಟ್ರಾಗಿ ಊರಿನ ಅರ್ಧ ಜನಕ್ಕೆ ಪಾಠ ಹೇಳಿದವರು. ‘ವೃತ್ತಾಂತ ಚಿಂತಾಮಣಿ’ಯಂಥ ಪತ್ರಿಕೆಗಳನ್ನು ನಡೆಸಿ ಸಂಸ್ಥಾನದಲ್ಲಿ ಸಾರ್ವಜನಿಕ ಅಭಿಪ್ರಾಯ ಎಂಬುದೊಂದಿದೆ ಎಂದು ತೋರಿಸಿಕೊಟ್ಟವರು. ಕಾನೂನನ್ನು ಪ್ರತಿಭಟಿಸಿ ಅವರು ಪತ್ರಿಕೆ ನಿಲ್ಲಿಸಿದರು. ಅಪ್ಪಣೆಯ ಮಾತಿಗಿಂತ ಮೌನ ಲೇಸು ಎಂಬ ನಿಲುವು ಇದು. ಇದರಲ್ಲಿ ಒಂದು ತೇಜಸ್ಸಿದೆ. ಆದರೆ ಪತ್ರಿಕೆ ಎನ್ನುವುದು ಪುಸ್ತಕದ ಹಾಗಲ್ಲ. ಪುಸ್ತಕ ಒಂದು ಸಲ ಧೈರ್ಯ ಮಾಡಿದರೆ ಮುಗಿಯಿತು, ಮುಟ್ಟುಗೋಲು ಹಾಕಿಕೊಂಡರೂ ಎಲ್ಲೋ ಒಂದು ಪ್ರತಿ ಉಳಿದಿರುತ್ತದೆ. ಪತ್ರಿಕೆ ಬರುವ ವಾರ ಮತ್ತೆ ಅದೇ ಊರಿಗೆ, ಅದೇ ಓದುಗನ ಬಾಗಿಲಿಗೆ ಬರಬೇಕು. ಅದರ ಧೈರ್ಯವನ್ನು ಮುಂದಿನ ಸಂಚಿಕೆಯ ಜೊತೆಗೆ ಇಟ್ಟೇ ತೂಗಬೇಕಾಗುತ್ತದೆ. ತಾತಯ್ಯ ಪತ್ರಿಕೆ ನಿಲ್ಲಿಸಿದ ದಿನ ದಿವಾನರಿಗೆ ಮುಜುಗರವಾಗಿರಬಹುದು. ಮಾರನೇ ವಾರ ಆ ಪತ್ರಿಕೆಗಾಗಿ ಕಾದವನಿಗೆ ಓದಲು ಏನೂ ಇರಲಿಲ್ಲ.

ಅದೇ ಹೊತ್ತಿನಲ್ಲಿ ಇಪ್ಪತ್ತರ ಹರೆಯದ ಡಿ.ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಪತ್ರಿಕೆಯ ಕೆಲಸಕ್ಕೆ ಇಳಿದಿದ್ದರು. ನಮ್ಮದೇ ಹಳೇ ಕೋಲಾರ ಜಿಲ್ಲೆಯ ಮುಳುಬಾಗಿಲಿನವರು. 1907ರ ‘ಭಾರತಿ’ ಬಹಳ ಕಾಲ ಬಾಳಲಿಲ್ಲ. ಮುಂದೆ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಅವರು ವರ್ಷಗಟ್ಟಲೆ ನಡೆಸಿದ್ದು ಅಪ್ಪಣೆಯ ಕಾನೂನಿನ ನೆರಳಿನಲ್ಲೇ. ಡಿವಿಜಿ ಗೋಖಲೆಯವರ ದಾರಿಯವರು. ರಾಜನೂ ಇರಲಿ, ಪ್ರಜೆಗೆ ಜವಾಬ್ದಾರಿಯೂ ಬರಲಿ, ನಡುವೆ ತಿಳಿವಳಿಕೆಯ ಸೇತುವೆ ಕಟ್ಟುವವನು ಪತ್ರಿಕೆಯವನು ಎಂಬುದು ಅವರ ನಂಬಿಕೆ. ಇದನ್ನು ಹೇಡಿತನ ಎನ್ನುವವರನ್ನು ನಾನು ಒಪ್ಪುವುದಿಲ್ಲ. ಪ್ರಜೆಗಳಿಗೆ ಪ್ರಶ್ನೆ ಕೇಳುವ ಅಭ್ಯಾಸವೇ ಇಲ್ಲದ ಕಡೆ ಪ್ರತಿವಾರ ಒಂದು ಸಣ್ಣ ಪ್ರಶ್ನೆಯನ್ನು ಸಭ್ಯವಾಗಿ ಕೇಳುವುದೂ ದೊಡ್ಡ ಕೆಲಸವೇ. ಆದರೆ ನನ್ನ ಅನುಮಾನ ಬೇರೆ. ಅಪ್ಪಣೆಯ ನೆರಳಲ್ಲಿ ಬಹುಕಾಲ ಬರೆದವನಿಗೆ ಯಾವ ಮಾತನ್ನು ತಾನಾಗಿ ಬಿಟ್ಟೆ, ಯಾವುದು ಹೊಳೆಯಲೇ ಇಲ್ಲ ಎಂಬ ವ್ಯತ್ಯಾಸ ಬರಬರುತ್ತಾ ಅಳಿಸಿಹೋಗುತ್ತದೆ. ಸೆನ್ಸಾರಿನವನು ಹೊಡೆದುಹಾಕಿದ ಸಾಲು ಕಡತದಲ್ಲಾದರೂ ಇರುತ್ತದೆ. ಮನಸ್ಸಿಗೆ ಬಾರದ ಸಾಲು ಎಲ್ಲೂ ಇರುವುದಿಲ್ಲ.

ಬಾರದ ಸಾಲಿನ ಬೆಲೆ ಏನು ಎಂಬುದು ನಮ್ಮ ಸೀಮೆಗೆ ಗೊತ್ತಾದದ್ದು 1938ರ ಏಪ್ರಿಲ್ 25ರಂದು. ಗೌರಿಬಿದನೂರಿನಿಂದ ಹಿಂದೂಪುರದ ಕಡೆಗೆ ಹೋಗುವಾಗ ಸಿಗುವ ವಿದುರಾಶ್ವತ್ಥದಲ್ಲಿ ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸತ್ತವರು ಎಷ್ಟು ಎಂಬುದಕ್ಕೆ ಸರ್ಕಾರದ ಲೆಕ್ಕ ಒಂದು, ಜನರ ಲೆಕ್ಕ ಇನ್ನೊಂದು. ಮೂವತ್ತಕ್ಕೂ ಹೆಚ್ಚು ಎಂದು ಈ ಕಡೆಯವರು ಇವತ್ತಿಗೂ ಹೇಳುತ್ತಾರೆ. ಇದನ್ನು ದಕ್ಷಿಣದ ಜಲಿಯನ್‌ವಾಲಾ ಬಾಗ್ ಎಂದು ಕರೆಯುವುದು ವಾಡಿಕೆ. ನನಗೆ ಆ ಹೋಲಿಕೆ ಅಷ್ಟಾಗಿ ಹಿಡಿಸುವುದಿಲ್ಲ. ಅಮೃತಸರದಲ್ಲಿ ಆಜ್ಞೆ ಕೊಟ್ಟವನು ಡಯರ್. ಇಲ್ಲಿ ಕೋವಿ ಹಿಡಿದದ್ದು ಮಹಾರಾಜರ ಪೊಲೀಸು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್, ಬೆಂಗಳೂರು ಮೈಸೂರುಗಳನ್ನು ಚೆಂದ ಮಾಡಿದವರು ಎಂದು ನಾವೆಲ್ಲ ಅಭಿಮಾನದಿಂದ ನೆನೆಯುವವರು. ಪಂಜಾಬಿನ ಜನಕ್ಕೆ ಯಾರನ್ನು ದ್ವೇಷಿಸಬೇಕು ಎಂಬುದು ಗೊತ್ತಿತ್ತು. ನಮ್ಮ ಜನಕ್ಕೆ ಅಷ್ಟು ನೆಮ್ಮದಿಯೂ ಇರಲಿಲ್ಲ. ಸುದ್ದಿ ಹೊರಗೆ ಹರಡಿದ ಮೇಲೆ ಗಾಂಧೀಜಿ ಹೇಳಿಕೆ ಕೊಟ್ಟರು, ಸರ್ದಾರ್ ಪಟೇಲರು ಕೃಪಲಾನಿಯವರ ಜೊತೆ ಬೆಂಗಳೂರಿಗೆ ಬಂದರು, ಮೇ ತಿಂಗಳಲ್ಲಿ ಒಪ್ಪಂದವಾಯಿತು. ರಾಷ್ಟ್ರಧ್ವಜವನ್ನು ಮಹಾರಾಜರ ಬಾವುಟದ ಜೊತೆಯಲ್ಲಿ ಹಾರಿಸಬಹುದು ಎಂದಾಯಿತು. ಒಟ್ಟಿನಲ್ಲಿ ಅದೂ ಒಂದು ಅಪ್ಪಣೆಯೇ.

ಮೂರನೆಯ ದಾರಿ ತೆರೆದದ್ದು 1947ರಲ್ಲಿ, ಅದೂ ನಮ್ಮ ಪಕ್ಕದಲ್ಲೇ. ಆಗಸ್ಟ್ 15 ಕಳೆದಿತ್ತು. ಮೈಸೂರು ಭಾರತಕ್ಕೆ ಸೇರಿದ್ದೂ ಆಗಿತ್ತು. ಆದರೆ ಆಳುವವರು ಮಹಾರಾಜರು ಮತ್ತು ದಿವಾನ್ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರೇ. ಜವಾಬ್ದಾರಿ ಸರ್ಕಾರ ಕೊಡಿ ಎಂದು ಸೆಪ್ಟೆಂಬರ್ 1ರಿಂದ ‘ಮೈಸೂರು ಚಲೋ’ ಆರಂಭವಾಯಿತು. ಪತ್ರಿಕೆಗಳ ಕತ್ತು ಹಿಸುಕಲಾಯಿತು. ಆಗ ಪಿ.ಆರ್. ರಾಮಯ್ಯನವರ ‘ತಾಯಿನಾಡು’ ಗಡಿ ದಾಟಿ ಹಿಂದೂಪುರಕ್ಕೆ ಹೋಯಿತು. ಹಿಂದೂಪುರ ಆಗ ಮದರಾಸು ಪ್ರಾಂತ್ಯದ ಅನಂತಪುರ ಜಿಲ್ಲೆ. ಅಲ್ಲಿ ಅಚ್ಚಾಗಿ ಕನ್ನಡದ ಪತ್ರಿಕೆ ಮೈಸೂರು ಸೀಮೆಯೊಳಕ್ಕೆ ಬರುತ್ತಿತ್ತು.

ಭೂಪಟ ಬಿಡಿಸಿ ನೋಡಿದರೆ ಇದರ ವಿಚಿತ್ರ ಗೊತ್ತಾಗುತ್ತದೆ. ಗೌರಿಬಿದನೂರಿನಿಂದ ರೈಲು ಹತ್ತಿದರೆ ವಿದುರಾಶ್ವತ್ಥ, ಅಲ್ಲಿಂದ ಮುಂದೆ ಹಿಂದೂಪುರ. ಗಡಿಯ ಆ ಕಡೆ ಸ್ವತಂತ್ರ ಭಾರತ. ಈ ಕಡೆ ಅದೇ ಬಿಸಿಲು, ಅದೇ ಶೇಂಗಾ ಹೊಲ, ಅದೇ ತೆಲುಗು ಬೆರೆತ ಕನ್ನಡ, ಆದರೆ ಸುದ್ದಿ ಅಚ್ಚು ಹಾಕುವಂತಿಲ್ಲ. ಕನ್ನಡದ ಮಾತಿಗೆ ಕನ್ನಡದ ದೊರೆಯ ರಾಜ್ಯದಲ್ಲಿ ಜಾಗವಿಲ್ಲದೆ ತೆಲುಗು ಸೀಮೆಯಲ್ಲಿ ನೆಲೆ ಸಿಕ್ಕಿತು. ಅಕ್ಟೋಬರ್ ಹೊತ್ತಿಗೆ ಅರಮನೆ ಮಣಿಯಿತು, ಕೋಲಾರ ಜಿಲ್ಲೆಯವರೇ ಆದ ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾದರು. ಅದು ಪತ್ರಿಕೆಯೊಂದರಿಂದಲೇ ಆದದ್ದಲ್ಲ, ಬೀದಿಗಿಳಿದ ಜನರಿಂದ ಆದದ್ದು.

ಬೇರೆಯವರ ನೆಲದಲ್ಲಿ ನಿಂತು ನಮ್ಮವರ ಬಗ್ಗೆ ಬರೆಯುವ ಈ ದಾರಿ ಆಫ್ರಿಕಾದವರಿಗೆ ಚೆನ್ನಾಗಿ ಗೊತ್ತಿತ್ತು. ಸೆನೆಗಲ್‌ನ ಅಲಿಯುನ್ ದಿಯೊಪ್ 1947ರಲ್ಲೇ, ನಮ್ಮ ಮೈಸೂರು ಚಲೋ ಮುಗಿದ ಮರುತಿಂಗಳು, ‘ಪ್ರೆಸಾನ್ಸ್ ಆಫ್ರಿಕೇನ್’ ಶುರುಮಾಡಿದ್ದು ಪ್ಯಾರಿಸಿನಿಂದ, ಆಳುವವರ ರಾಜಧಾನಿಯಿಂದ. ನಿಯೋಗಿ ಜೈಲಿನಿಂದ ಹೊರಬಂದ ಮೇಲೆ ‘ಟ್ರಾನ್ಸಿಷನ್’ ಮತ್ತೆ ಹೊರಟಿದ್ದು ಘಾನಾದ ಆಕ್ರಾದಿಂದ. ಆದರೆ ಈ ದಾರಿಗೂ ಸುಂಕವಿದೆ. ‘ಟ್ರಾನ್ಸಿಷನ್’ಗೆ ನೆರವು ಕೊಡುತ್ತಿದ್ದ ಅಂತರರಾಷ್ಟ್ರೀಯ ಸಂಸ್ಥೆಯ ಹಣ ಅಮೆರಿಕದ ಸಿಐಎ ಬೊಕ್ಕಸದಿಂದ ಬರುತ್ತಿತ್ತು ಎಂಬುದು 1967ರಲ್ಲಿ ಬಯಲಾಯಿತು. ಮರುವರ್ಷ ಸೆರೆಯಾದ ಮನುಷ್ಯನನ್ನು ‘ಹೊರಗಿನವರ ಕೈಗೊಂಬೆ’ ಅನ್ನುವುದು ಎಷ್ಟು ಸುಲಭವಾಗಿರಬೇಕು! ಹಾಗೆಂದು ಆ ಪತ್ರಿಕೆಯಲ್ಲಿ ಬಂದ ಕವಿತೆ ಸುಳ್ಳಾಗುತ್ತದೆಯೇ? ಮಯಾಂಜ ಎತ್ತಿದ ಪ್ರಶ್ನೆ ಸುಳ್ಳಾಗುತ್ತದೆಯೇ? ಆಗುವುದಿಲ್ಲ ಎಂದೇ ನನ್ನ ಎಣಿಕೆ. ಆದರೆ ಹಣ ಕೊಟ್ಟವನು ಯಾರು ಎಂದು ಕೇಳುವ ಹಕ್ಕು ಓದುಗನಿಗೆ ಇದ್ದೇ ಇದೆ. ದಕ್ಷಿಣ ಆಫ್ರಿಕಾದಲ್ಲಿ ‘ಇಂಡಿಯನ್ ಒಪೀನಿಯನ್’ ನಡೆಸುತ್ತಿದ್ದ ಗಾಂಧೀಜಿ ಜಾಹೀರಾತನ್ನೇ ಕೈಬಿಟ್ಟದ್ದು, 1980ರಲ್ಲಿ ಪಿ. ಲಂಕೇಶ್ ಜಾಹೀರಾತು ಇಲ್ಲದ ವಾರಪತ್ರಿಕೆ ತಂದು ಓದುಗನ ಕಾಸಿನ ಮೇಲೆಯೇ ನಿಂತದ್ದು ಬರೀ ಹಟದಿಂದಲ್ಲ. ಅಪ್ಪಣೆ ಅನ್ನುವುದು ದಿವಾನರ ಕಚೇರಿಯಿಂದಲೇ ಬರಬೇಕೆಂದಿಲ್ಲವಲ್ಲ.

ಒಂದು ವಿಷಯದಲ್ಲಿ ಮಾತ್ರ ‘ತಾಯಿನಾಡು’ ಪ್ಯಾರಿಸಿನ ಪತ್ರಿಕೆಗಿಂತ ಅದೃಷ್ಟಶಾಲಿ. ಗಡಿ ದಾಟಿದರೂ ಅದು ಭಾಷೆ ದಾಟಬೇಕಾಗಲಿಲ್ಲ. ಓಬಿ ವಾಲಿಯ ತಕರಾರಿನ ಬಿಸಿ ನನಗೆ ತಟ್ಟುವುದು ಇಲ್ಲಿ. ಪ್ಯಾರಿಸಿನಲ್ಲಿ ಫ್ರೆಂಚ್ ಓದಬಲ್ಲ ಆಫ್ರಿಕದವನು ಆ ಪತ್ರಿಕೆಯನ್ನು ಓದಿದ, ಸೆನೆಗಲ್‌ನ ಶೇಂಗಾ ಹೊಲದವನು ಓದಲಿಲ್ಲ. ನಮ್ಮ ಕಡೆ ಹಾಗಾಗಲಿಲ್ಲ ಎಂದು ಬೀಗುವ ಹಾಗೂ ಇಲ್ಲ. ಮಂಡಿಕಲ್ ಸುತ್ತಿನ ಬಹುಪಾಲು ಮನೆಗಳಲ್ಲಿ ಮನೆಮಾತು ತೆಲುಗು, ಓದುಬರಹ ಕನ್ನಡ, ಆ ಓದುಬರಹವೂ ಆಗ ಬೆರಳೆಣಿಕೆಯವರದು. ನಮ್ಮ ತಾತ ಹೇಳುತ್ತಿದ್ದ ಪ್ರಕಾರ ಊರಿಗೊಂದು ಪತ್ರಿಕೆ ಬಂದರೆ ಒಬ್ಬರು ಜಗಲಿಯ ಮೇಲೆ ಕೂತು ಕನ್ನಡದಲ್ಲಿ ಓದುವರು, ನಿಲ್ಲಿಸಿ ನಿಲ್ಲಿಸಿ ತೆಲುಗಿನಲ್ಲಿ ಅರ್ಥ ಹೇಳುವರು, ಕೇಳುವವರು ನಡುವೆ ಬಾಯಿ ಹಾಕುವರು. ಒಂದು ಹಾಳೆ ಓದುವುದಕ್ಕೆ ಒಂದು ಸಾಯಂಕಾಲ. ಸಂಪಾದಕೀಯಕ್ಕೆ ಉತ್ತರ ಅಲ್ಲೇ, ಆ ಜಗಲಿಯ ಮೇಲೆಯೇ ಸಿಗುತ್ತಿತ್ತು. ಗೂಗಿ ವಾ ಥಿಯೊಂಗೊ ಇಂಗ್ಲಿಷು ಬಿಟ್ಟು ಗಿಕುಯು ಭಾಷೆಗೆ ಮರಳಿ, 1994ರಲ್ಲಿ ಆ ಭಾಷೆಯದೇ ‘ಮುತೀರಿ’ ಎಂಬ ಪತ್ರಿಕೆ ತಂದಾಗ ಹುಡುಕುತ್ತಿದ್ದದ್ದು ಇಂಥ ಜಗಲಿಯನ್ನೇ ಇರಬೇಕು. ವಿಪರ್ಯಾಸವೆಂದರೆ ಅದು ಹೊರಟಿದ್ದು ನ್ಯೂಯಾರ್ಕಿನಿಂದ. ಅವರನ್ನು 1977ರ ಕೊನೆಯಲ್ಲಿ ಸೆರೆಗೆ ತಳ್ಳಿದ್ದೂ ಸ್ವತಂತ್ರ ಕೀನ್ಯಾದ ಸರ್ಕಾರವೇ.

ಆದರೆ ಜಗಲಿಯ ಮಾತು ಬಂದಾಗ ಇನ್ನೊಂದು ಮಾತನ್ನು ನುಂಗುವಂತಿಲ್ಲ. ಆ ಜಗಲಿಯ ಮೇಲೆ ಯಾರು ಕೂರುತ್ತಿದ್ದರು? ಕೆಳಗೆ, ಬೀದಿಯಾಚೆ ನಿಂತು ಕೇಳುತ್ತಿದ್ದವರು ಯಾರು? ತಾತಯ್ಯ, ಡಿವಿಜಿ, ರಾಮಯ್ಯ ಮೂವರೂ ‘ನಮ್ಮವರು’ ಅಂದಾಗ ಬೀದಿಯಾಚೆಯವನು ಅದರಲ್ಲಿ ಎಷ್ಟರಮಟ್ಟಿಗೆ ಇದ್ದ? 1970ರ ದಶಕದಲ್ಲಿ ದಲಿತ ಯುವಕರು ‘ಪಂಚಮ’ ಪತ್ರಿಕೆ ತಂದಾಗ ಅವರಿಗೆ ಎದುರಿಗಿದ್ದವನು ಬ್ರಿಟಿಷನೂ ಅಲ್ಲ, ಮಹಾರಾಜನೂ ಅಲ್ಲ. ಅದೇ ಊರಿನವನು, ಅದೇ ಭಾಷೆಯವನು, ಬಹುಶಃ ಆ ಜಗಲಿಯ ಮೇಲೆ ಕೂತು ‘ತಾಯಿನಾಡು’ ಓದಿಸಿಕೊಂಡವನ ಮೊಮ್ಮಗ. ‘ನಮ್ಮವನನ್ನು ಎದುರಿಸುವುದು’ ಎಂಬ ಮಾತನ್ನು ನಾನು ಇಷ್ಟು ಹೊತ್ತು ಆಡುತ್ತಿದ್ದೇನೆ. ಅದರ ಪೂರ್ತಿ ತೂಕ ಗೊತ್ತಿರುವುದು ಅವರಿಗೆ. ಗಡಿ ದಾಟಿ ಅಚ್ಚು ಹಾಕಿಸೋಣವೆಂದರೆ ಅವರಿಗೆ ಯಾವ ಹಿಂದೂಪುರ ಇತ್ತು? ಜಾತಿ ಗಡಿಯ ಆ ಕಡೆಯೂ ಇತ್ತಲ್ಲ.

ತಾತಯ್ಯನ ಮೌನ, ಡಿವಿಜಿಯ ತಾಳ್ಮೆ, ‘ತಾಯಿನಾಡಿ’ನ ಗಡಿದಾಟು ಇವುಗಳಲ್ಲಿ ಯಾವುದು ಸರಿ ಎಂದು ಕೇಳಿದರೆ ನನ್ನ ಮನಸ್ಸು ವಾಲುವುದು ಮೂರನೆಯದರ ಕಡೆಗೇ. ಮೌನವಾದರೆ ಓದುಗನ ಕೈ ಖಾಲಿ. ತಾಳ್ಮೆಯಲ್ಲಿ ಬರೆಯುವವನೇ ನಿಧಾನಕ್ಕೆ ಬದಲಾಗಿಬಿಡುತ್ತಾನೆ. ಗಡಿ ದಾಟಿದವನ ತಲೆಯ ಮೇಲೆ ಮಾತ್ರ ನೆಲ ಕೊಟ್ಟವನ ಋಣ ಕೂತಿರುತ್ತದೆ. ಮೂರರಲ್ಲಿ ಋಣವನ್ನಾದರೂ ಬಹಿರಂಗವಾಗಿ ಲೆಕ್ಕ ಹಾಕಬಹುದು, ಓದುಗನ ಮುಂದೆ ಇಡಬಹುದು.

ಇದು ಹಳೆಯ ಕಾಲದ ಪ್ರಶ್ನೆ ಎಂದು ಅಂದುಕೊಳ್ಳುವವರು ನಮ್ಮ ಕಡೆಯ ಅರೆಕಾಲಿಕ ವರದಿಗಾರರನ್ನು ಮಾತಾಡಿಸಬೇಕು. 2021ರ ಫೆಬ್ರುವರಿಯಲ್ಲಿ ಪೇರೇಸಂದ್ರದ ಹತ್ತಿರದ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿ ಸಿಡಿದು ಆರು ಜನ ಸತ್ತರು. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧಿ ಮಾಡಿ ಎಚ್.ಎನ್. ವ್ಯಾಲಿ ಯೋಜನೆಯಲ್ಲಿ ನಮ್ಮ ಕೆರೆಗಳಿಗೆ ಬಿಡುತ್ತಿದ್ದಾರೆ. ಮೂರನೇ ಹಂತ ಯಾಕಿಲ್ಲ ಎಂದು ಊರವರು ಕೇಳುತ್ತಲೇ ಇದ್ದಾರೆ. ಬರೆಯುವುದಕ್ಕೆ ವಿಷಯಕ್ಕೇನೂ ಬರವಿಲ್ಲ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಾನೆ. ಅವನಿಗೆ ಸಂಬಳ ಅನ್ನುವಂಥದ್ದೇನೂ ಇಲ್ಲ. ಆಗಸ್ಟ್ 15, ನವೆಂಬರ್ 1ರ ವಿಶೇಷ ಪುರವಣಿಗಳಿಗೆ ಜಾಹೀರಾತು ತಂದುಕೊಟ್ಟರೆ ಅದರಲ್ಲಿ ಒಂದಿಷ್ಟು ಪಾಲು. ಶುಭಾಶಯ ಕೋರುವವರು ಪಂಚಾಯ್ತಿಯ ಮುಖಂಡರು, ಕಂಟ್ರಾಕ್ಟರುಗಳು, ಕ್ರಷರ್ ಮಾಲೀಕರು.

“ಮೇಷ್ಟ್ರೇ, ನೀವು ಹೇಳೋದೆಲ್ಲ ಸರಿ. ಅವರ ಮೇಲೆ ಬರೆದ್ರೆ ಮುಂದಿನ ಆಗಸ್ಟ್ ಹದಿನೈದಕ್ಕೆ ನಾನು ಯಾರ ಮನೆ ಬಾಗಿಲಿಗೆ ಹೋಗ್ಲಿ?” ಅಂದ.

ಸ್ವಾತಂತ್ರ್ಯ ದಿನದ ಶುಭಾಶಯವೇ ಅವನ ಬಾಯಿಗೆ ಬೀಗವಾಗಿದೆ. ನಾನು ಏನೂ ಹೇಳಲಿಲ್ಲ, ಅವನಿಗೆ ಎರಡು ಮಕ್ಕಳಿದ್ದಾರೆ.

ಹೋದ ವರ್ಷದಿಂದ ಅವನು ಇನ್ನೊಂದು ಕೆಲಸ ಮಾಡುತ್ತಿದ್ದಾನೆ. ಇಲ್ಲಿ ಬರೆಯಲಾಗದ್ದನ್ನು ಬರೆದು ದೂರದ ಜಿಲ್ಲೆಯ ಒಂದು ಸಣ್ಣ ಮಾಸಪತ್ರಿಕೆಗೆ ಕಳಿಸುತ್ತಾನೆ. ಹೆಸರು ಹಾಕಬೇಡಿ ಎಂದು ಅವರಿಗೆ ಹೇಳಿದ್ದಾನೆ. ಅವರೂ ಬಡವರು, ಗೌರವಧನ ಕೊಡುವುದಿಲ್ಲ, ಪ್ರತಿ ಮಾತ್ರ ಕಳಿಸುತ್ತಾರೆ. ಮಂಡಿಕಲ್ ಅಂಚೆಗೆ ಅದರ ಎರಡು ಪ್ರತಿ ಬರುತ್ತವೆ. ಒಂದು ಅವನದು, ಇನ್ನೊಂದಕ್ಕೆ ನಾನು ಚಂದಾ ಕಟ್ಟಿದ್ದೇನೆ. ನನ್ನದನ್ನು ಓದಿ ಮುಗಿಸಿ ಪಂಚಾಯ್ತಿಯ ಗ್ರಂಥಾಲಯದ ಮೇಜಿನ ಮೇಲೆ ಇಟ್ಟುಬರುತ್ತೇನೆ. ಹೋದ ತಿಂಗಳದ್ದು ಎರಡೇ ದಿನದಲ್ಲಿ ಅಲ್ಲಿಂದ ಮಾಯವಾಗಿತ್ತು. ಓದುವುದಕ್ಕೆ ಯಾರೋ ಮನೆಗೆ ಒಯ್ದರೋ, ಓದಬಾರದೆಂದು ಒಯ್ದರೋ ಗ್ರಂಥಪಾಲಕರನ್ನು ವಿಚಾರಿಸಬೇಕು.